ಮುಗಿಯದ ಆಟ ಲೆಕ್ಕಕ್ಕಿಲ್ಲ

ಭಾವ ಬ್ರೇಕ್ ಹೊಡೆದರೆ ಕೆಳಗಿನ ಟೈರ್ ಅಂಗಡಿಯವರೆಗೂ ಸದ್ದು ಕೇಳಿಸುತ್ತದೆ. ಜೋಡಿಸಿಟ್ಟ ಚೆಂಡುಗಳ ತ್ರಿಕೋನ ಒಂದೇ ಏಟಿಗೆ ಸಿಡಿದು ಮೇಜಿನ ತುಂಬ ಚೆಲ್ಲಾಪಿಲ್ಲಿಯಾಗುವಾಗ ಅವರು ಚೆಂಡುಗಳನ್ನು ನೋಡುವುದಿಲ್ಲ, ಸುತ್ತ ನಿಂತವರ ಮುಖ ನೋಡುತ್ತಾರೆ. ಚೆಂಡುಗಳನ್ನು ನೋಡುವವಳು ನಾನು.

ನೋಡುವುದು ಬಿಟ್ಟರೆ ಆ ಪೂಲ್ ಹಾಲ್‌ನಲ್ಲಿ ನನ್ನದೆಂದು ಹೇಳಿಕೊಳ್ಳುವ ಕೆಲಸ ಹೆಚ್ಚೇನೂ ಇರಲಿಲ್ಲ. ಬೆಳಿಗ್ಗೆ ಶಟರ್ ಎತ್ತುವುದು, ಮೇಜುಗಳ ಹಸಿರು ಬಟ್ಟೆಗೆ ಒಂದೇ ದಿಕ್ಕಿನಲ್ಲಿ ಬ್ರಷ್ ಎಳೆಯುವುದು, ಚೆಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಬಟ್ಟೆಯಲ್ಲಿ ಉಜ್ಜುವುದು, ಗಿರಾಕಿಗಳು ಬಂದ ಮೇಲೆ ಪ್ರತಿ ಆಟಕ್ಕೂ ಚೆಂಡು ಜೋಡಿಸಿಕೊಡುವುದು. ಅಮ್ಮ ಹೋದ ಮೇಲೆ ನಾನು ಅಕ್ಕನ ಮನೆಗೆ ಬಂದೆ. ಶಾಲೆ ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹಾಗೇ ಬಿಟ್ಟುಹೋಯಿತು. ಅಕ್ಕ ಮನೆ ನೋಡಿಕೊಂಡಳು, ನಾನು ಭಾವನ ಹಾಲ್ ನೋಡಿಕೊಂಡೆ.

ಗಿರಾಕಿಗಳು ಬರುವ ಮೊದಲು ಹಾಲ್‌ನಲ್ಲಿ ಯಾರೂ ಇರುತ್ತಿರಲಿಲ್ಲ. ಗೋಡೆಯ ಸ್ಟ್ಯಾಂಡಿನಲ್ಲಿ ಎಲ್ಲರೂ ಬೇಡವೆಂದು ಬಿಟ್ಟಿದ್ದ, ತುದಿ ಸವೆದ ಕ್ಯೂ ಕೋಲೊಂದಿತ್ತು. ಅದನ್ನು ಹಿಡಿದು ನಾನೇ ಕಲಿತೆ. ಕಲಿಸುವವರಿಲ್ಲದ್ದರಿಂದ ಅವಸರ ಮಾಡಿಸುವವರೂ ಇರಲಿಲ್ಲ. ಒಂದು ಏಟು ಹೊಡೆಯುವ ಮೊದಲು ಮೇಜಿನ ಸುತ್ತ ಒಂದು ಸಲ ಪೂರ್ತಿ ಬರುತ್ತಿದ್ದೆ. ಈ ಚೆಂಡು ಹೋದರೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದಿನದು ಕಾಣುತ್ತದೆಯೇ, ಅದರ ಮುಂದಿನದು? ಅಷ್ಟು ಗೊತ್ತಾದ ಮೇಲೆಯೇ ಬಾಗುತ್ತಿದ್ದೆ.

ಬ್ರೇಕ್ ವಿಷಯದಲ್ಲೂ ಹಾಗೆಯೇ. ಭಾವನ ಗೆಳೆಯರೆಲ್ಲ ಮೈಯ ಬಲವನ್ನೆಲ್ಲ ಒಟ್ಟುಮಾಡಿ ಮುಂದಿನ ಚೆಂಡಿಗೆ ಬಡಿಯುತ್ತಿದ್ದರು. ಒಂದೆರಡು ಪಾಕೆಟ್ಟಿಗೆ ಬಿದ್ದರೆ ಸರಿ. ಬೀಳದಿದ್ದರೆ? ಹದಿನೈದೂ ಚೆಂಡು ಹರಡಿಕೊಂಡು ಕೂತಿರುತ್ತವೆ, ಎದುರಾಳಿಗೆ ತಟ್ಟೆಯಲ್ಲಿ ಬಡಿಸಿ ಕೈ ತೊಳೆದುಕೊಂಡು ಬನ್ನಿ ಎಂದ ಹಾಗೆ. ಎಷ್ಟೋ ಸಲ ಬಿಳಿ ಚೆಂಡೇ ಓಡಿಹೋಗಿ ಪಾಕೆಟ್ಟಿಗೆ ಬೀಳುತ್ತಿತ್ತು. ಅದಕ್ಕೇ ನಾನು ಬಿಳಿ ಚೆಂಡನ್ನು ಎಡ ಅಂಚಿನ ಹತ್ತಿರ ಇಟ್ಟು, ಮುಂದಿನ ಚೆಂಡನ್ನು ಬಿಟ್ಟು ಅದರ ಹಿಂದಿನ ಸಾಲಿನ ಚೆಂಡಿಗೆ, ಅರ್ಧ ಬಲದಲ್ಲಿ, ತುಸು ಕೆಳಗೆ ಹೊಡೆಯುತ್ತಿದ್ದೆ. ಸದ್ದು ಬರುತ್ತಿರಲಿಲ್ಲ. ಮೂಲೆಯ ಚೆಂಡೊಂದು ಪಾಕೆಟ್ಟಿನ ದಾರಿ ಹಿಡಿಯುತ್ತಿತ್ತು, ಬಿಳಿ ಚೆಂಡು ಅಂಚಿಗೆ ತಾಗಿ ಮೇಜಿನ ನಡುವೆ ಬಂದು ನಿಲ್ಲುತ್ತಿತ್ತು. ಏನೂ ಬೀಳದಿದ್ದರೂ ಅರ್ಧ ಚೆಂಡುಗಳು ಗುಂಪಾಗಿಯೇ ಉಳಿದು ಎದುರಾಳಿಗೆ ತಲೆನೋವಾಗುತ್ತಿತ್ತು.

ಇದನ್ನು ಮೊದಲ ಸಲ ನೋಡಿದಾಗ ಗುಡುಗು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಗುಡುಗು ಎಂದರೆ ಕೆಳಗಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು, ಭಾವನ ತಂಡದವನು. ಅವನ ಬ್ರೇಕಿಗೆ ಬಂದ ಹೆಸರು ಅದು.

"ಏನಮ್ಮಾ ಇದು, ಬ್ರೇಕ್ ಹೊಡೀತಿದ್ದೀಯೋ, ತೊಟ್ಟಿಲು ತೂಗ್ತಿದ್ದೀಯೋ?"

ನನಗೂ ಒಂದು ಹೆಸರಿಟ್ಟವನು ಅವನೇ. ನಾನು ಮೇಜು ಸುತ್ತುವುದನ್ನು ನೋಡಿ, "ಕಚೇರಿಯ ಫೈಲು ಕಣ್ರೋ ಇವಳು. ಒಂದು ಟೇಬಲ್‌ನಿಂದ ಅಲ್ಲಾಡೋಕೆ ವಾರ ಬೇಕು" ಎಂದ. ಅಂದಿನಿಂದ ನಾನು ಫೈಲು. ಭಾವ ಕೂಡ ಜನರ ಮುಂದೆ ಹಾಗೆಯೇ ಕರೆದರು. ನಾಲ್ಕು ಜನರ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಇವತ್ತಿಗೂ.

ಅಂಥವಳನ್ನು ತಂಡಕ್ಕೆ ಸೇರಿಸಿಕೊಂಡಿದ್ದಕ್ಕೆ ಕಾರಣ ಒಂದು ರೂಲು. ಸುತ್ತಮುತ್ತಲಿನ ಹಾಲ್‌ಗಳವರು ಸೇರಿ ಭಾನುವಾರದ ಲೀಗ್ ಮಾಡಿಕೊಂಡಿದ್ದರು. ತಂಡಕ್ಕೆ ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು ಆಟ. ನಾಲ್ವರಲ್ಲಿ ಒಬ್ಬಳಾದರೂ ಹೆಂಗಸಿರಬೇಕು ಎಂದು ಆಸ್ಪತ್ರೆಯವರ ತಂಡ ಜಗಳವಾಡಿ ರೂಲು ಮಾಡಿಸಿತ್ತು. ಭಾವ ಊರೆಲ್ಲ ಹುಡುಕಿ ಕೊನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೇ, ನಿನ್ನ ತಂಗೀನ ಕಳಿಸ್ತೀಯಾ, ಲೆಕ್ಕಕ್ಕೆ?" ಎಂದು ಅಕ್ಕನನ್ನು ಕೇಳಿದ್ದರು. ನಾನು ಅಲ್ಲೇ ಪಾತ್ರೆ ಒರೆಸುತ್ತಿದ್ದೆ.

ಲೆಕ್ಕಕ್ಕೆ ಹೋದವಳು ಕೆಲವು ಆಟ ಗೆದ್ದೆ, ಕೆಲವು ಸೋತೆ. ಗೆದ್ದಾಗ "ಅದೃಷ್ಟ" ಎಂದರು, ಸೋತಾಗ "ಹೋಗ್ಲಿ ಬಿಡು" ಎಂದರು. ನನಗೆ ಅದೆಲ್ಲ ದೊಡ್ಡದಾಗಿರಲಿಲ್ಲ. ಮೇಜಿನ ಬಳಿ ನನ್ನ ಸರದಿ ಬಂದರೆ ಎಲ್ಲರೂ ಕಾಯಬೇಕಿತ್ತು. ಮನೆಯಲ್ಲಿ ಊಟಕ್ಕೆ ನನಗಾಗಿ ಯಾರೂ ಕಾದವರಲ್ಲ. ಮಾತಿನ ನಡುವೆ ನಾನು ಬಾಯಿ ತೆರೆದರೆ ಇನ್ನೊಬ್ಬರು ಆಗಲೇ ಶುರುಮಾಡಿರುತ್ತಿದ್ದರು. ಇಲ್ಲಿ ಮಾತ್ರ ದೊಡ್ಡ ದೊಡ್ಡ ಗಂಡಸರು ಕ್ಯೂ ನೆಲಕ್ಕೂರಿ ಸುಮ್ಮನೆ ನಿಂತು, ನಾನು ಎಲ್ಲಿ ಹೊಡೆಯುತ್ತೇನೆಂದು ನೋಡುತ್ತಿದ್ದರು. ಅದು ಕೈತಪ್ಪಬಾರದು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ದೇವರಿಗೂ ಹೇಳಿರಲಿಲ್ಲ.

ಸೆಮಿಫೈನಲ್ ಆಸ್ಪತ್ರೆಯವರ ಮೇಲೆ ಬಂತು. ಅದೇ ವಾರ ಇನ್ನೊಂದು ಸುದ್ದಿಯೂ ಬಂತು. ಮುಂದಿನ ಲೀಗಿನಿಂದ ಹೆಂಗಸಿನ ರೂಲು ತೆಗೆಯುತ್ತಾರೆ ಎಂದು. ಗುಡುಗು ಖುಷಿಯಿಂದ, "ಸದ್ಯ, ನಮ್ಮ ಫೈಲು ವಿಲೇವಾರಿ ಆಯ್ತು" ಎಂದ.

ಅವತ್ತು ಮಾತ್ರ ನಾನು ಚೆಂಡು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು ಭಾವನ ಹತ್ತಿರ ಹೋದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿಕೊಂಡಿದ್ದೆ.

"ಭಾವ, ರೂಲು ಹೋದ್ರೂ ನಾನು ಆಡ್ತೀನಿ."

ಭಾವ ಗುಡುಗುವಿನ ಮುಖ ನೋಡಿದರು, ಅವನು ಇವರ ಮುಖ ನೋಡಿದ. ಜೊತೆಯಲ್ಲಿದ್ದ ಡ್ರೈವರ್ ಅಣ್ಣ, ಅವರೂ ತಂಡದವರೇ, "ಕೇಳ್ತಿದ್ದಾಳಲ್ಲ ಪಾಪ, ಏನಾದ್ರೂ ಹೇಳಪ್ಪಾ" ಎಂದರು.

"ಆಯ್ತು," ಎಂದರು ಭಾವ. "ಈ ಭಾನುವಾರ ಆಸ್ಪತ್ರೆಯವರ ಮೇಲೆ ನಿನ್ನ ಆಟ ಗೆದ್ದು ತೋರ್ಸು. ರೂಲು ಇರ್ಲಿ ಬಿಡ್ಲಿ, ನಿನ್ನ ಜಾಗ ನಿಂದೇ. ಎಲ್ಲರ ಮುಂದೆ ಹೇಳ್ತಿದ್ದೀನಿ, ಆಯ್ತಾ?"

ಆಯ್ತು ಎಂದು ತಲೆಯಾಡಿಸಿದೆ. ಮಾತಾಡುವ ಶಕ್ತಿ ಅಷ್ಟಕ್ಕೇ ಮುಗಿದಿತ್ತು.

ಭಾನುವಾರ ಮಧ್ಯಾಹ್ನ ಆಸ್ಪತ್ರೆಯವರು ಬಂದರು. ನನ್ನ ಎದುರಾಳಿ ನರ್ಸಮ್ಮ. ಅಕ್ಕನಿಗಿಂತ ದೊಡ್ಡವರು, ಗಟ್ಟಿ ಮೈಕಟ್ಟು, ಬಂದವರೇ ಬಳೆ ತೆಗೆದು ಪರ್ಸಿಗೆ ಹಾಕಿಕೊಳ್ಳುವವರು. ಅವರ ಆಟ ನನ್ನದಕ್ಕೆ ತದ್ವಿರುದ್ಧ. ಬಾಗುತ್ತಾರೆ, ಹೊಡೆಯುತ್ತಾರೆ, ಚೆಂಡು ಬೀಳುವ ಮೊದಲೇ ಮುಂದಿನದರತ್ತ ಹೊರಟಿರುತ್ತಾರೆ. ಲೀಗಿನ ಶುರುವಿನಲ್ಲಿ ಒಮ್ಮೆ ನನ್ನನ್ನು ಸೋಲಿಸಿದ್ದರು. ನಾನು ಸೋತ ಮೇಲೆ ಹತ್ತಿರ ಬಂದು, "ಆ ಬ್ರೇಕ್ ಯಾರು ಹೇಳ್ಕೊಟ್ಟಿದ್ದು?" ಎಂದು ಕೇಳಿದ್ದರು. ಯಾರೂ ಇಲ್ಲ ಎಂದಿದ್ದೆ. "ಬಿಡ್ಬೇಡ ಅದನ್ನ. ಈ ಗಂಡಸ್ರು ಬಾಗಿಲು ಒಡೆಯೋಕೆ ಹೋಗ್ತಾರೆ, ನೀನು ಚಿಲಕ ತೆಗೀತಿದ್ದೀಯ" ಎಂದಿದ್ದರು. ನನ್ನ ಆಟದ ಬಗ್ಗೆ ನಗದೆ ಮಾತಾಡಿದವರು ಅವರೊಬ್ಬರೇ.

ಲೀಗಿನ ಆಟ ಆರು ಗಂಟೆಗೆ ನಿಲ್ಲಬೇಕು. ಆಮೇಲೆ ಮೇಜುಗಳು ಗಿರಾಕಿಗಳಿಗೆ. ರೆಫರಿ ತಾತ ಗಂಟೆ ಬಾರಿಸಿದಾಗ ನಡೆಯುತ್ತಿರುವ ಆಟ ಯಾರ ಲೆಕ್ಕಕ್ಕೂ ಸೇರುವುದಿಲ್ಲ, ಮುಗಿದ ಆಟಗಳಲ್ಲಿ ಯಾರು ಮುಂದಿದ್ದಾರೋ ಅವರೇ ಗೆದ್ದಂತೆ. ಸಮವಾಗಿದ್ದರೆ ಕ್ಯಾಪ್ಟನ್‌ಗಳಿಬ್ಬರೇ ಇನ್ನೊಂದು ದಿನ ಆಡಿ ತೀರಿಸಿಕೊಳ್ಳಬೇಕು.

ಅವತ್ತು ಮೊದಲು ಡ್ರೈವರ್ ಅಣ್ಣ ಗೆದ್ದರು. ಗುಡುಗು ಗುಡುಗಿಯೇ ಗೆದ್ದ. ಮೂರನೆಯದು ನಮ್ಮ ಕ್ಯಾಪ್ಟನ್ ಭಾವನ ಆಟ, ಆಸ್ಪತ್ರೆಯವರ ಕ್ಯಾಪ್ಟನ್ ಆದ ಲ್ಯಾಬಿನವನ ಮೇಲೆ. ಭಾವ ಎಂದಿಗಿಂತ ಜೋರಾಗಿ ಬ್ರೇಕ್ ಹೊಡೆದರು. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ತಲೆಯೆತ್ತಿರಬೇಕು. ಒಂದು ಚೆಂಡೂ ಬೀಳಲಿಲ್ಲ. ಕನ್ನಡಕ ಒರೆಸಿಕೊಂಡು ಬಂದ ಲ್ಯಾಬಿನವನು ತನ್ನ ಏಳೂ ಚೆಂಡುಗಳನ್ನು, ಕೊನೆಗೆ ಕರಿ ಚೆಂಡನ್ನು, ಒಂದಾದ ಮೇಲೊಂದು ಹಾಕಿ ಹೋಗಿ ಕೂತ. ಭಾವನಿಗೆ ಎರಡನೆಯ ಏಟೇ ಸಿಗಲಿಲ್ಲ. ಕಿವಿ ಕೆಂಪಾಗಿ ಗೋಡೆಗೊರಗಿ ನಿಂತರು. ಯಾರೂ ತಮಾಷೆ ಮಾಡಲಿಲ್ಲ, ಅದೇ ಅವರಿಗೆ ಹೆಚ್ಚು ಚುಚ್ಚಿರಬೇಕು.

ಎರಡಕ್ಕೆ ಒಂದು. ಉಳಿದದ್ದು ನನ್ನ ಆಟ.

ಬ್ರೇಕ್ ನನಗೆ ಬಂತು. ಬಿಳಿ ಚೆಂಡನ್ನು ಎಡ ಅಂಚಿಗಿಟ್ಟೆ. ಹಿಂದೆ ಯಾರೋ "ತೊಟ್ಟಿಲು" ಎಂದರು, ಯಾರೋ ನಕ್ಕರು. ಹೊಡೆದೆ. ಪಟ್ಟೆ ಚೆಂಡೊಂದು ಮೂಲೆಗೆ ಹೋಗಿ, ಬೀಳಲೋ ಬೇಡವೋ ಎಂದು ಅಂಚಿನಲ್ಲಿ ತೂಗಿ, ಬಿತ್ತು. ಹಾಗಾಗಿ ಪಟ್ಟೆ ಚೆಂಡುಗಳೆಲ್ಲ ನನ್ನವು, ತುಂಬು ಬಣ್ಣದವು ನರ್ಸಮ್ಮನವು. ನನ್ನ ಏಳು ಮುಗಿಸಿ ಕರಿ ಚೆಂಡು ಹಾಕಿದರೆ ನಾನು ಗೆದ್ದಂತೆ.

ನಿಧಾನವಾಗಿ ಆಡಿದೆ, ನನ್ನ ಎಂದಿನ ನಿಧಾನದಲ್ಲಿ. ಮೂರು ಹಾಕಿದೆ. ನಾಲ್ಕನೆಯದಕ್ಕೆ ದಾರಿಯಿರಲಿಲ್ಲ, ಬಿಳಿ ಚೆಂಡನ್ನು ಗುಂಪಿನ ಹಿಂದೆ ಅವಿತಿಟ್ಟು ಬಂದೆ. ನರ್ಸಮ್ಮ ನೋಡಿ, "ಅಯ್ಯೋ ಕಳ್ಳಿ!" ಎಂದು ನಕ್ಕರು, ಆ ನಗುವಿನಲ್ಲಿ ಕೋಪವಿರಲಿಲ್ಲ. ಹೇಗೋ ಬಿಡಿಸಿಕೊಂಡು ಅವರೂ ಸರಸರನೆ ಹಾಕುತ್ತ ಹೋದರು. ಕೊನೆಯ ಒಂದು ಚೆಂಡು ಉಳಿದಾಗ ಅವರ ಏಟು ಕೂದಲೆಳೆಯಷ್ಟು ತಪ್ಪಿತು. ಚೆಂಡು ನಡುವಿನ ಪಾಕೆಟ್ಟಿನ ಬಾಯಲ್ಲಿ ಹೋಗಿ ಕೂತಿತು. ಮುಂದಿನ ಸರದಿ ಸಿಕ್ಕರೆ ಊದಿದರೂ ಬೀಳುವಂತೆ.

ನಾನು ಉಳಿದ ಪಟ್ಟೆ ಚೆಂಡುಗಳನ್ನು ಹಾಕಿದೆ. ಯಾವುದರ ನಂತರ ಯಾವುದು ಎಂದು ಬ್ರೇಕ್ ಆದಾಗಿನಿಂದ ನೋಡಿಟ್ಟುಕೊಂಡಿದ್ದೆ. ಕೊನೆಯದು ಬಿದ್ದಾಗ ಬಿಳಿ ಚೆಂಡು ನಿಲ್ಲಬೇಕಾದಲ್ಲಿ ನಿಂತಿತು. ಕರಿ ಚೆಂಡು ಬಲ ಮೂಲೆಯ ಪಾಕೆಟ್ಟಿಗೆ ಗೇಣುದ್ದ ದೂರ. ಸ್ವಲ್ಪ ಓರೆ. ಬೆಳಿಗ್ಗೆ ಒಬ್ಬಳೇ ಇದ್ದಾಗ ಅಂಥದ್ದು ನಾನು ತಪ್ಪುತ್ತಿದ್ದದ್ದು ಅಪರೂಪ. ಗೋಡೆ ಗಡಿಯಾರದಲ್ಲಿ ಆರಕ್ಕೆ ಇನ್ನೂ ಕೆಲವು ನಿಮಿಷಗಳಿದ್ದವು.

ಎಲ್ಲರೂ ನನಗಾಗಿ ಕಾಯುತ್ತಿದ್ದರು.

"ಟೈಮ್!" ಎಂದು ಭಾವ ಕೈಯೆತ್ತಿದರು.

ಒಂದು ಆಟದಲ್ಲಿ ಒಂದು ಸಲ ಕ್ಯಾಪ್ಟನ್ ಬಂದು ಆಟಗಾರನ ಕಿವಿಯಲ್ಲಿ ಮಾತಾಡಬಹುದು. ಅಷ್ಟು ದಿನದಲ್ಲಿ ನನ್ನ ಯಾವ ಆಟದಲ್ಲೂ ಭಾವ ಬಂದಿರಲಿಲ್ಲ. ಈಗ ಬಂದು, ನನ್ನ ಕ್ಯೂ ಪರೀಕ್ಷಿಸುವವರಂತೆ ತುದಿ ಮುಟ್ಟಿದರು.

"ಹೊಡೀಬೇಡ."

ಅರ್ಥವಾಗಲಿಲ್ಲ. ನೋಡಿದೆ.

"ಗಡಿಯಾರ ನೋಡು. ಗಂಟೆ ಹೊಡೆದ್ರೆ ನಾವೇ ಗೆದ್ದಂಗೆ. ಸುತ್ತು. ಚಾಕ್ ಹಚ್ಚು. ನಿಂಗೆ ಹೇಳ್ಕೊಡ್ಬೇಕಾ ಅದನ್ನ?"

"ಹೋಗುತ್ತೆ ಭಾವ. ದಾರಿ ಇದೆ."

"ಹೋಗ್ದಿದ್ರೆ?"

"ಹೋಗುತ್ತೆ."

"ಹೋಗ್ದಿದ್ರೆ ಅವಳದ್ದು ಆಗ್ಲೇ ಪಾಕೆಟ್ ಬಾಯಲ್ಲಿ ಕೂತಿದೆ. ಅದು ಹಾಕಿ ಕರೀದು ಹಾಕ್ತಾಳೆ, ಎರಡು ಎರಡು ಆಗುತ್ತೆ. ಆಮೇಲೆ ಆ ಕನ್ನಡಕದವನ ಜೊತೆ ಆಡೋನು ಯಾರು, ನೀನಾ?" ಅವರ ಬಾಯಿಂದ ಟೀ ವಾಸನೆ ಬರುತ್ತಿತ್ತು. ನಂತರ ದನಿ ಮೆತ್ತಗಾಯಿತು. "ತಂಡ ಮುಖ್ಯ ಅಲ್ವಾಮ್ಮಾ? ನಮ್ಮ ಮನೆ ಹುಡುಗಿ ಅಂತ ಹೇಳ್ತಿದ್ದೀನಿ."

ಆ ಮೂರು ಮಾತು, ನಮ್ಮ ಮನೆ ಹುಡುಗಿ, ಅವರು ಅದಕ್ಕೆ ಮೊದಲು ಯಾವತ್ತೂ ಆಡಿರಲಿಲ್ಲ.

ನಾನು ಸುತ್ತಿದೆ. ಎಲ್ಲರಿಗೂ ಮೊದಲು ಅದು ನನ್ನ ಎಂದಿನ ಸುತ್ತೇ ಎನಿಸಿತು. ನರ್ಸಮ್ಮ ಕ್ಯೂ ಮೇಲೆ ಗದ್ದವೂರಿ ತಾಳ್ಮೆಯಿಂದ ನಿಂತಿದ್ದರು. ಬಾಗಿದೆ, ಎದ್ದೆ. ಕ್ಯೂ ತುದಿಗೆ ನೀಲಿ ಚಾಕ್ ಹಚ್ಚಿದೆ, ಆ ಕಡೆ ಹೋಗಿ ಪಾಕೆಟ್ಟಿನಿಂದ ಚೆಂಡಿನತ್ತ ನೋಡಿದೆ. ನೋಡಲು ಅಲ್ಲೇನೂ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ನೋಡುವ ನಾಟಕ ಮಾಡುತ್ತಿದ್ದೆ.

"ಫೈಲು ಸಹಿಗೆ ಹೋಗಿದೆ, ಸಾಹೇಬ್ರು ಊಟಕ್ಕೆ ಹೋಗಿದ್ದಾರೆ!" ಗುಡುಗು ಕೂಗಿದ. ಅವನಿಗೆ ಆಗಲೇ ವಿಷಯ ತಿಳಿದಿತ್ತು. ನಮ್ಮ ಕಡೆಯವರೆಲ್ಲ ನಕ್ಕರು. ಆ ನಗು ಮೊದಲ ಸಲ ನನ್ನ ಪರವಾಗಿತ್ತು.

ಲ್ಯಾಬಿನವನು ರೆಫರಿ ತಾತನತ್ತ ತಿರುಗಿ, "ಏನ್ರೀ ಇದು?" ಎಂದ. ತಾತ, "ಆಡಮ್ಮಾ" ಎಂದರು. ಇಷ್ಟರೊಳಗೆ ಹೊಡೆಯಬೇಕು ಎಂಬ ರೂಲು ನಮ್ಮ ಲೀಗಿನಲ್ಲಿ ಇರಲಿಲ್ಲ. ಅದು ತಾತನಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಇನ್ನೊಂದು ಸಲ ಬಾಗಿದಾಗ ನರ್ಸಮ್ಮನ ದನಿ ಕೇಳಿತು.

"ಹೊಡಿ ಮಗಾ. ನಿಂಗೆ ಕಾಣ್ತಿದೆ ಅಂತ ನಂಗೊತ್ತು."

ಕೈ ಹಿಂದಕ್ಕೆ ಹೋಗಿತ್ತು. ಒಂದು ತಳ್ಳು, ಅಷ್ಟೇ. ಗೋಡೆಯ ಬಳಿ ಭಾವ ನಿಂತಿದ್ದರು. ಅವರು ತಲೆಯನ್ನು ಒಂದೇ ಸಲ ಅಡ್ಡಡ್ಡ ಆಡಿಸಿದರು. ನಾನು ಎದ್ದು ನಿಂತು ಮತ್ತೆ ಚಾಕ್ ತೆಗೆದುಕೊಂಡೆ. ಕೈಯೆಲ್ಲ ನೀಲಿಯಾಗುವವರೆಗೆ ಹಚ್ಚಿದೆ.

ತಾತ ಗಂಟೆ ಬಾರಿಸಿದರು.

ನಮ್ಮವರು ಕೂಗಿಕೊಂಡರು. ಗುಡುಗು ಭಾವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಏನ್ ತಲೆ ಕ್ಯಾಪ್ಟನ್ ನಿಂದು!" ಎಂದು ಡ್ರೈವರ್ ಅಣ್ಣ ಅವರ ಬೆನ್ನು ತಟ್ಟಿದರು. ನನ್ನ ಬೆನ್ನು ಯಾರೂ ತಟ್ಟಲಿಲ್ಲ. ನರ್ಸಮ್ಮ ಬಳೆಗಳನ್ನು ಹಾಕಿಕೊಳ್ಳುತ್ತ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ನಿಧಾನ ನಂಗೆ ಇಷ್ಟ ಆಗಿತ್ತು," ಎಂದರು. ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು.

ಆಸ್ಪತ್ರೆಯವರು ಹೋದ ಮೇಲೆ, ಗಿರಾಕಿಗಳು ಬರುವ ಮೊದಲಿನ ಸ್ವಲ್ಪ ಹೊತ್ತಿನಲ್ಲಿ, ಭಾವನ ಹತ್ತಿರ ಹೋದೆ.

"ಭಾವ, ನನ್ನ ಜಾಗ?"

"ಯಾವ ಜಾಗ?"

"ಮುಂದಿನ ಲೀಗಿಗೆ. ನೀವು ಹೇಳಿದ್ರಲ್ಲ."

"ಗೆದ್ರೆ ಅಂದಿದ್ದೆ." ಅವರು ಒಳ್ಳೆಯ ಖುಷಿಯಲ್ಲಿದ್ದರು, ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಗೆಲ್ಲಲಿಲ್ಲವಲ್ಲ. ಆಟಾನೇ ಮುಗೀಲಿಲ್ಲ."

"ನೀವೇ ಹೊಡೀಬೇಡ ಅಂದಿದ್ದು."

"ಅಂದೆ. ಇಲ್ಲ ಅನ್ನಲ್ಲ." ಗುಡುಗುವಿನ ಹೆಗಲ ಮೇಲೆ ಕೈ ಹಾಕಿದರು. "ಇವನಿಗೆ ಮೆಲ್ಲಗೆ ಹೊಡಿಯೋ ಅಂತ ಎಷ್ಟು ಸಲ ಹೇಳಿಲ್ಲ ನಾನು? ಒಂದಿನ ಕೇಳಿದ್ದಾನಾ? ಅವನಿಗೆ ಕಂಡಿದ್ದು ಅವನು ಹೊಡೀತಾನೆ, ಆಮೇಲೆ ನನ್ ಹತ್ರ ಬೈಸ್ಕೋತಾನೆ. ಆಟಗಾರ ಅಂದ್ರೆ ಹಂಗಿರ್ಬೇಕು. ನೀನು ಹೇಳಿದ್ದು ಕೇಳೋ ಹುಡುಗಿ. ಒಳ್ಳೇದೇ ಅದು. ಆದ್ರೆ ಆಟಕ್ಕಲ್ಲ."

ಗುಡುಗು ಈ ಸಲ ನಗಲಿಲ್ಲ. ನೆಲ ನೋಡಿದ. ಅವನ ಆ ಕನಿಕರ ನನಗೆ ಫೈಲು ಎನ್ನುವ ಹೆಸರಿಗಿಂತ ಕೆಟ್ಟದಾಗಿ ತಾಗಿತು. ಭಾವ ಹೇಳಿದ್ದು ಸುಳ್ಳು ಎಂದು ಹೇಳುವಂತಿದ್ದರೆ ಬಾಯಿ ಕಟ್ಟಿದ್ದರೂ ಹೇಳುತ್ತಿದ್ದೆನೇನೋ. ಕೈ ಹಿಂದಕ್ಕೆ ಹೋಗಿದ್ದು ನನ್ನದು, ನಿಂತದ್ದೂ ನನ್ನದೇ.

"ಮೇಜು ಖಾಲಿ ಮಾಡಮ್ಮ, ಜನ ಬರ್ತಾರೆ" ಎಂದು ಅವರು ಎಲ್ಲರ ಜೊತೆ ಟೀ ಕುಡಿಯಲು ಹೊರಟರು.

ಕರಿ ಚೆಂಡು ಇನ್ನೂ ಅಲ್ಲೇ ಇತ್ತು. ಬಿಳಿ ಚೆಂಡೂ. ಹಾಲ್‌ನಲ್ಲಿ ನಾನೊಬ್ಬಳೇ. ಹೊಡೆದು ನೋಡಬಹುದಿತ್ತು. ತಪ್ಪಿದ್ದರೆ ಭಾವ ಹೇಳಿದ್ದು ಸರಿಯಾಗುತ್ತಿತ್ತು, ಬಿದ್ದಿದ್ದರೆ ನಾನು ಮಾಡಿದ್ದು ಇನ್ನೂ ತಪ್ಪಾಗುತ್ತಿತ್ತು. ನರ್ಸಮ್ಮನ ಚೆಂಡನ್ನೂ ಸೇರಿಸಿ ಮೂರನ್ನೂ ಕೈಯಲ್ಲೇ ಎತ್ತಿ ಟ್ರೇಗೆ ಹಾಕಿದೆ.

ಮನೆಗೆ ಹೋಗುವಷ್ಟರಲ್ಲಿ ಅಕ್ಕನಿಗೆ ಫೋನಿನಲ್ಲಿ ಸುದ್ದಿ ತಲುಪಿತ್ತು. ತರಕಾರಿ ಹೆಚ್ಚುತ್ತಿದ್ದವಳು ಮುಖ ಅರಳಿಸಿ, "ಬಾರೇ! ಫೈನಲ್‌ಗೆ ಬಂದ್ರಂತೆ. ನೀನು ತುಂಬಾ ಚೆನ್ನಾಗಿ ನಿಂತ್ಕೊಂಡೆ ಅಂತ ನಿಮ್ಮ ಭಾವ ಹೇಳಿದ್ರು" ಎಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳಿಗೆ ಆಟದಲ್ಲಿ ಆಡುವುದೂ ನಿಲ್ಲುವುದೂ ಒಂದೇ.

"ಫೈನಲ್‌ಗೆ ನಾನು ಹೋಗಲ್ಲ ಅಕ್ಕ."

ಚಾಕು ನಿಂತಿತು. "ಯಾಕೆ? ಮೈ ಹುಷಾರಿಲ್ವಾ?"

"ಹೋಗಲ್ಲ ಅಷ್ಟೆ."

ಬರುವ ದಾರಿಯುದ್ದಕ್ಕೂ ಇದನ್ನು ಹೇಳಿಕೊಂಡು ಬಂದಿದ್ದೆ. ಫೈನಲ್‌ಗೆ ರೂಲು ಇನ್ನೂ ಇತ್ತು. ಹೆಂಗಸಿಲ್ಲದಿದ್ದರೆ ತಂಡವನ್ನೇ ಆಡಿಸುವುದಿಲ್ಲ. ಭಾವ ಬಂದು ಕೇಳಬೇಕು, ನನ್ನ ಮುಂದೆ ನಿಂತು, ನಾನು ಹೂಂ ಎನ್ನುವವರೆಗೆ ಕಾಯಬೇಕು. ಅಷ್ಟಾದರೂ ನನ್ನ ಕೈಯಲ್ಲಿದೆ ಎಂದುಕೊಂಡಿದ್ದೆ.

ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ನನ್ನ ಮೇಲೆ ಪ್ರೀತಿಯಿದೆ, ಅದರಲ್ಲಿ ಸುಳ್ಳಿಲ್ಲ.

"ಹೋಗ್ಲಿ ಬಿಡು, ಬೇಜಾರಾದ್ರೆ ಬೇಡ. ನಾನೇ ಹೋಗ್ತೀನಿ. ಲೆಕ್ಕಕ್ಕೊಬ್ಬಳು ಇದ್ರಾಯ್ತು ತಾನೇ? ಅವರಿಗೆ ನಾನೇ ಹೇಳ್ತೀನಿ, ನಿನ್ನನ್ನ ಏನೂ ಅನ್ನಲ್ಲ."

ಅವಳು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. ಬಾಗಿಲ ಹಿಂದಿದ್ದ ಪೊರಕೆ ಕೋಲನ್ನು ತಂದು ಊಟದ ಮೇಜಿನ ಮೇಲೆ ಅಡ್ಡ ಹಿಡಿದು, ಎರಡೂ ಕಾಲು ಜೋಡಿಸಿಕೊಂಡು ಬಾಗಿದಳು. ತನ್ನನ್ನು ತಾನೇ ನೋಡಿಕೊಂಡು ನಗು ಬಂತು ಅವಳಿಗೆ.

"ಹೇಗೇ ಹಿಡಿಯೋದು ಇದನ್ನ? ತೋರ್ಸೇ, ಜನ ನಗ್ಬಾರ್ದು."

ನಾನು ಹತ್ತಿರ ಹೋಗಿ ಅವಳ ಎಡಗಾಲನ್ನು ಸ್ವಲ್ಪ ಮುಂದಕ್ಕಿಡಿಸಿದೆ. ಎಡಗೈ ಬೆರಳುಗಳನ್ನು ಮೇಜಿನ ಮೇಲೆ ಬಿಡಿಸಿ, ಹೆಬ್ಬೆರಳನ್ನು ಎತ್ತಿ, ಕೋಲನ್ನು ಆ ಸಂದಿಯಲ್ಲಿ ಕೂರಿಸಿದೆ.

"ಇಷ್ಟೇನಾ?" ಎಂದಳು ಅಕ್ಕ. "ಆಮೇಲೆ ಎಲ್ಲಿಗೆ ಹೊಡೀಬೇಕು?"

"ಹೊಡಿಯೋದು ಬೇಡ ಅಕ್ಕ," ಎಂದೆ. "ಎದ್ದು ಸುತ್ತು."